ಹನ್ನೆರಡೂವರೆ

ಮುಂಡ್ರಿಗಿಯ ವಾಷಿಂಗ್ ಯೂನಿಟ್ಟಿನಲ್ಲಿ ಡ್ರಮ್ಮುಗಳು ನಾಲ್ಕು.
ತಿರುಗಿಸುವುದು ನಾನು ಬರೆದ ರೂಬಿ ಪ್ರೋಗ್ರಾಮು.
ಮೊದಮೊದಲು ಅಂಕಿಗಳನ್ನೆಲ್ಲ
ಅದರ ಹೊಟ್ಟೆಯೊಳಗೇ ತುರುಕಿದ್ದೆ:
ನೀರಿನ ಬಿಸಿ, ಕಲ್ಲಿನ ತೂಕ, ಎಂಜೈಮು, ನಿಮಿಷ.
ಪಾರ್ಟಿ ಬದಲಾದರೆ ಬಣ್ಣ ಬದಲು,
ಬಣ್ಣ ಬದಲಾದರೆ ನಾನು
ಹೊಲಿದದ್ದು ಬಿಚ್ಚಿ ಮತ್ತೆ ಹೊಲಿಯಬೇಕು.

ಖಾಜಾಹುಸೇನ್ ಮಾಸ್ಟರ್ ನೋಡೀ ನೋಡೀ ಕೇಳಿದರು:
"ಅಲ್ಲ ತಂಗಿ, ಸೊಂಟದ ಅಳತಿ ಯಾರರ
ಕತ್ರಿ ಮ್ಯಾಲೆ ಕೆತ್ತಿಸ್ತಾರೇನು?
ಚೀಟಿ ಮ್ಯಾಲೆ ಬರೀತಾರ."

ಅವತ್ತೇ ಅಂಕಿಗಳು ಹೊರಬಂದವು, ಒಂದು ಯಾಮಲ್ ಫೈಲಿಗೆ.
ಎಡಕ್ಕೆ ಹೆಸರು, ನಡುವೆ ಕೋಲನ್, ಬಲಕ್ಕೆ ಬೆಲೆ.
ಎರಡು ಸ್ಪೇಸ್ ಒಳಗೆ ಸರಿದು ಕೂತ ಸಾಲು
ಮೇಲಿನ ಸಾಲಿನ ಮಗು;
ಒಂದು ಸ್ಪೇಸ್ ತಪ್ಪಿತೋ, ಯಾರ ಮನೆಯದೋ.
ಪಾಸ್‌ವರ್ಡ್ ಮಾತ್ರ ಅಲ್ಲಿ ಬರೆಯಲಿಲ್ಲ.
ಬೀಗದ ಮಗ್ಗುಲಲ್ಲೇ ಕೀಲಿಕೈ ಯಾರು ತೂಗುಹಾಕುತ್ತಾರೆ?

ಶನಿವಾರ ಸಂಜೆ. ಗಾಢ ನೀಲಿ, ಇನ್ನೂರು ಪೀಸು.
"ಕಲ್ಲಿನ ವಾಶು ಎಷ್ಟು, ಮಾಸ್ಟರ್?"
"ಹನ್ನೆರಡೂವರಿ."
ಹನ್ನೆರಡು, ಕೋಲನ್, ಮೂವತ್ತು.
ಒತ್ತಿದೆ. ಕೌಲ್ ಬಜಾರಿಗೆ ಆಟೋ ಹಿಡಿದೆ.

ಅವರು ಹೇಳಿದ್ದು ನಿಮಿಷ, ನಾನು ಬರೆದದ್ದೂ ನಿಮಿಷ.
ಫೈಲು ಓದುವವನಿಗೆ ಮಾತ್ರ ಅದು ಗಡಿಯಾರ ಕಂಡಿತು.
ಅರವತ್ತರಿಂದ ಗುಣಿಸಿ, ಮತ್ತೆ ಅರವತ್ತರಿಂದ ಗುಣಿಸಿ,
ನಲವತ್ತೈದು ಸಾವಿರ ಸೆಕೆಂಡು ಎಂದುಕೊಂಡು
ಯಾರನ್ನೂ ಕೇಳದೆ ತಿರುಗಿಸಿತು.
ತಪ್ಪು ಎಂಬ ಒಂದು ಕೆಂಪು ಸಾಲೂ ಇಲ್ಲ.

ರಾತ್ರಿ ಎರಡಕ್ಕೆ ವಾಚ್‌ಮನ್ ಎರ್ರಿಸ್ವಾಮಿಯ ಫೋನು:
"ಅಕ್ಕೋರೆ, ಮೂರನೇದು ನಿಂದ್ರವಲ್ದು."
"ಮೇನ್ ಇಳಿಸು," ಅಂದೆ. ಇಳಿಸಿದ.

ಬೆಳಿಗ್ಗೆ ಬಾಗಿಲು ತೆರೆದರೆ
ನೀಲಿಯೆಲ್ಲ ಚರಂಡಿಯಲ್ಲಿ.
ಬಟ್ಟೆ ಹತ್ತಿಯಾಗಲು ಹೊರಟಂತಿತ್ತು,
ಹೊಲಿಗೆಯ ದಾರ ಮಾತ್ರ ಇನ್ನೂ ಅರಿಶಿಣ;
ಜೇಬುಗಳ ತುಂಬ ಕಲ್ಲಿನ ಹಿಟ್ಟು.
ಮಾಸ್ಟರ್ ಒಂದನ್ನೆತ್ತಿ ಬೆಳಕಿಗೆ ಹಿಡಿದರು.
ಆಚೆಗಿನ ಗೋಡೆ ಕಾಣುತ್ತಿತ್ತು.
"ಇಷ್ಟು ಬೆಳ್ಳಗ ನಾನೂ ಎಂದೂ ತೆಗದಿಲ್ಲ."

ಫೈಲು ತೆರೆದೆ. ಹನ್ನೆರಡೂವರೆಯ
ಆ ಕಡೆಗೊಂದು ಈ ಕಡೆಗೊಂದು ಉದ್ಧರಣ ಚಿಹ್ನೆ,
ದಾರದ ಎರಡು ತುದಿಗೆ ಗಂಟು ಬಿಗಿದ ಹಾಗೆ.
ಪಕ್ಕದಲ್ಲಿ ಹ್ಯಾಶ್ ಹಾಕಿ ಬರೆದೆ:
ನಿಮಿಷ. ಗಂಟೆ ಅಲ್ಲ.
ಆ ಸಾಲನ್ನು ಯಂತ್ರ ಓದುವುದಿಲ್ಲ.
ನನ್ನ ನಂತರ ಈ ಕುರ್ಚಿಗೆ ಬರುವವರು ಓದಲಿ.

ಒಂದು ಪೀಸು ಎರ್ರಿಸ್ವಾಮಿ ಒಯ್ದ.
ಈಗಲೂ ಹಾಕಿಕೊಂಡು ಬರುತ್ತಾನೆ;
ಮಂಡಿ ಹರಿದಿದೆ.