ಜೋಡಣೆ ಸಂಖ್ಯೆ ೪೧೭

ರಾತ್ರಿ ಹನ್ನೊಂದು ದಾಟಿದ ಮೇಲೆ ನಮ್ಮ ಕೆಲಸ.
ಜುಬೈಲಿನ ಪೈಪುಗಳ ಬಳಿ ಆಗ ಯಾರೂ ಇರಕೂಡದು.
ಹಳದಿ ಹಗ್ಗ ಕಟ್ಟಿ, ಕೆಂಪು ದೀಪ ಹಚ್ಚಿ
ಟೇಕ್ ಬಹಾದೂರ್ ಒಂದು ಸುತ್ತು ಹಾಕಿ ಬರುತ್ತಾನೆ:
ಒಂದು ಬೆಕ್ಕಿತ್ತು, ಓಡಿಸಿದೆ.
ಆಮೇಲೆ ನಾನು ಹಿಡಿಕೆ ತಿರುಗಿಸುತ್ತೇನೆ.
ಪೆಟ್ಟಿಗೆಯ ಹೊಟ್ಟೆಯಿಂದ ಕೊಳವೆಯೊಳಗೆ ತೆವಳಿ
ಮೆಣಸಿನ ಕಾಳಿನಷ್ಟು ಇರಿಡಿಯಂ
ಹೋಗಿ ಕೂರುತ್ತದೆ ಮೌಲಾಲಿಯ ಬೆಸುಗೆಯ ಮೇಲೆ.

ಮೌಲಾಲಿ ಸಂಡೂರಿನವನು.
ಹಗಲೆಲ್ಲ ಅವನು ಕೂಡಿಸಿದ್ದನ್ನು
ರಾತ್ರಿ ನಾನು ಕಿರಣ ಹಾಯಿಸಿ ಅನುಮಾನಿಸುತ್ತೇನೆ.
ಪಿಕಪ್ಪಿನ ಹಿಂದಿನ ಕತ್ತಲಗೂಡಿನಲ್ಲಿ ತೊಳೆದ ಫಿಲ್ಮಿನಲ್ಲಿ
ಕೂದಲೆಳೆಯ ಬಿರುಕೋ, ಸಾಸಿವೆಯಷ್ಟು ಗಾಳಿಗುಳ್ಳೆಯೋ ಕಂಡು
‘ಕತ್ತರಿಸಿ ಮತ್ತೆ ಬೆಸೆಯಿರಿ’ ಎಂದು ಬರೆದರೆ
ಬೆಳಿಗ್ಗೆ ಮೆಸ್ಸಿನಲ್ಲಿ ನನ್ನ ಮೇಜಿಗೆ ಬರುವುದಿಲ್ಲ.

ನಾಲ್ಕುನೂರ ಹದಿನೇಳರ ರಾತ್ರಿ ಕೇಬಲ್ಲು ಸಿಕ್ಕಿಕೊಂಡಿತು.
ಕಾಳು ಗೂಡಿಗೆ ಮರಳಲಿಲ್ಲ.
ಮೀಟರಿನ ಮುಳ್ಳು ಕೊನೆಗೆ ಹೋಗಿ ಅಂಟಿ ನಿಂತಿತು.
ಬಹಾದೂರನನ್ನು ಬೈದು ದೂರ ಅಟ್ಟಿದೆ.
ಉದ್ದ ಇಕ್ಕಳ, ಸೀಸದ ಗುಂಡಿನ ಚೀಲ,
ಹನ್ನೊಂದು ನಿಮಿಷ.
ನೋವಿಲ್ಲ, ಬಿಸಿಯಿಲ್ಲ.
ಬಾಯಲ್ಲಿ ತುಕ್ಕಿನ ರುಚಿ ಇತ್ತೆಂದು ಆಮೇಲೆ ಅನ್ನಿಸಿತು;
ಅದೂ ಸುಳ್ಳಿರಬಹುದು.

ದಮ್ಮಾಮಿನ ಆಸ್ಪತ್ರೆಯಲ್ಲಿ ಸುಡಾನಿನ ಡಾಕ್ಟರ್ ಇಜ್ಜೆಲ್ದೀನ್
ನನ್ನ ಬೂಟಿನ ಲೇಸು ಬಿಚ್ಚಿಸಿ, ಎರಡನ್ನೂ ಹೊಸೆದು ಹಿಡಿದ.
ಒಂದೆಳೆ ಹರಿದರೆ ಚಿಂತೆಯಿಲ್ಲ,
ಎದುರಿನ ಎಳೆ ಇದೆ, ನೋಡಿ ಬರೆದುಕೊಳ್ಳುತ್ತದೆ.
ಎರಡೂ ಒಂದೇ ಕಡೆ ಹರಿದರೆ
ಯಾರನ್ನು ಕೇಳುವುದು?

ಮುತ್ತು ಒಡೆದರೆ ಹೋಯಿತು ಎನ್ನುತ್ತಿದ್ದಳು ನನ್ನಜ್ಜಿ.
ಅವಳು ಮುತ್ತು ಕಂಡವಳಲ್ಲ. ಈ ಕಡಲನ್ನೂ.

ಕೇಳಲು ಯಾರಿಲ್ಲದೆಯೂ ಕೆಲಸ ನಿಲ್ಲುವುದಿಲ್ಲವಂತೆ.
ಮೊದಲು ಕೂಗು ಹೊರಡುತ್ತದೆ: ಇಲ್ಲಿ ಹರಿದಿದೆ, ಎಲ್ಲ ನಿಲ್ಲಿಸಿ.
ಕ್ಷಣದೊಳಗೆ ಎರಡು ತುದಿಗೂ ಉಂಗುರದಂಥದ್ದೊಂದು ತೂರಿ
ಬೆಕ್ಕು ಮರಿಯನ್ನು ಕಚ್ಚಿ ಹಿಡಿವಂತೆ ಹಿಡಿದು,
ಹತ್ತಿರ ಎಳೆದು, ಕೆಟ್ಟ ಅಂಚನ್ನು ಕತ್ತರಿಸಿ,
ಎರಡಕ್ಷರ ಹೋದರೆ ಹೋಗಲಿ ಎಂದು
ಬೆಸೆದುಬಿಡುತ್ತದೆ. ಸೈಟಿನ ಭಾಷೆಯಲ್ಲಿ:
ಟ್ಯಾಕ್ ಹೊಡಿ, ಲೈನು ನಡೀಲಿ.

ನಿಧಾನದ ದಾರಿಯೂ ಒಂದಿದೆ.
ಒಡಹುಟ್ಟಿದ ಪ್ರತಿಯ ಪಕ್ಕ ಕೂತು
ಅಕ್ಷರಕ್ಕಕ್ಷರ ಓದಿ, ಕಳೆದದ್ದನ್ನೆಲ್ಲ ಮರಳಿ ಬರೆಯುವುದು.
ಆದರೆ ಆ ಪ್ರತಿ ಇರುವುದು
ಒಂದು ಎರಡಾಗಲು ಹೊರಟ ಜೀವಕೋಶದಲ್ಲಿ ಮಾತ್ರ.
ರಕ್ತದಲ್ಲಿ ಸುಮ್ಮನೆ ಅಲೆಯುವ ನನ್ನ ಬಿಳಿಕಣಕ್ಕೆ ಅವಳಿಯಿಲ್ಲ,
ಇದ್ದುದರಲ್ಲೇ ಗಂಟು ಹಾಕಿಕೊಳ್ಳಬೇಕು
ಕ್ಯಾಂಪಿನಲ್ಲಿ ಅಂಗಿಯ ಗುಂಡಿ ತಾನೇ ಹೊಲಿದುಕೊಂಡಂತೆ.

ಮೂರು ವಾರಕ್ಕೆ ರಿಪೋರ್ಟು ಬಂತು.
ಸಾವಿರ ಕಣ ಎಣಿಸಿದ್ದರು, ಐದರಲ್ಲಿ ತಪ್ಪು ಜೋಡಣೆ:
ಇದರ ತುದಿ ಅದಕ್ಕೆ ಅಂಟಿ
ಒಂದೇ ಮೈಗೆ ಎರಡು ನಡು.
ಮುಂದೆ ಒಡೆಯುವಾಗ
ಎರಡು ಕಡೆಯಿಂದಲೂ ಜಗ್ಗುತ್ತಾರಂತೆ ಇದನ್ನು.
ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದೆ, ಅಭ್ಯಾಸಬಲ.
ಪೆನ್ನಿಗೆ ಕೈ ಹೋಯಿತು.

ಮತ್ತೆ ಉಳಿದವು? ಎಂದೆ.
ಅಲ್ಲೂ ಹರಿದಿತ್ತು, ಬಹಳ ಕಡೆ, ಎಂದ ಡಾಕ್ಟರ್.
ಸರಿಯಾಗಿ ಕೂಡಿದ್ದು ಕಾಣುವುದಿಲ್ಲ, ಅಷ್ಟೆ.

ಆ ರಾತ್ರಿಯ ಫಿಲ್ಮು ಇಡೀ ಕಪ್ಪಾಗಿತ್ತು, ಏನೂ ಮೂಡಿರಲಿಲ್ಲ.
ಬೇರೆ ಯಾರೋ ಮತ್ತೆ ತೆಗೆದರು.
ನನ್ನನ್ನು ಹಗಲಿನ ಕೋಣೆಗೆ ಹಾಕಿದ್ದಾರೆ, ಓದುವುದಷ್ಟೇ ಕೆಲಸ.
ನಾಲ್ಕುನೂರ ಹದಿನೇಳು: ಒಂದು ಗುಳ್ಳೆ, ಮಿತಿಯೊಳಗೆ. ಸಹಿ ಹಾಕಿದೆ.

ಮೆಸ್ಸಿನಲ್ಲಿ ಮೌಲಾಲಿ ತಟ್ಟೆ ತಂದು ಎದುರು ಕೂತ.
ನಂದು ಏನಾತು?
ಪಾಸು.
ನಿಂದು?
ಐದು ರಿಜೆಕ್ಟು.
ಎಷ್ಟಕ್ಕ?
ಸಾವಿರಕ್ಕೆ ಐದು.
ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು.
ಅಂಥಾ ವೆಲ್ಡರ್ ಯಾವ ಊರಾಂವ ಲೇ,
ನಮ್ಮ ಫೋರ್ಮನ್ನಿಗೆ ಗೊತ್ತಾಗಗೊಡಬ್ಯಾಡ.