ನೂರು ಹೆಜ್ಜೆ

ಬೂಟಿನ ಮೇಲೆ ಬಟ್ಟೆಯ ಚೀಲ ಎಳೆದುಕೊಂಡು
ನಡೆಯುವುದು, ಇಷ್ಟೇ ನನ್ನ ಕೆಲಸ.
ಗೂಡಿನೊಳಗೆ ಐವತ್ತು ಹೆಜ್ಜೆ, ಒಂದು ಜೊತೆ ಚೀಲ.
ಹೊರಗೆ ಐವತ್ತು, ಬೇರೆ ಜೊತೆ:
ಮಾವಿನ ಮರದಡಿ, ನೀರಿನ ಬಾನಿಯ ಸುತ್ತ,
ಕೋಳಿ ಎಲ್ಲೆಲ್ಲಿ ಹೋಗುವುದೋ ಅಲ್ಲೆಲ್ಲ.

"ಎಲ್ಲಿಗೆ ಹೋಗೋದಿಲ್ಲ ಅಂತ ಕೇಳು" ಅಂದರು ಎನ್ಯೋನಾಂ,
ಮಡಿಲಲ್ಲಿ ಮೆಕ್ಕೆಜೋಳ ತುಂಬಿಕೊಂಡು.
ನಿಜ. ಒಂದು ಚರ್ಚಿನ ಮೆಟ್ಟಿಲ ಮೇಲೆ.
ಒಂದು ಮಾವುಲಿಯವರ ಸಮಾಧಿಕಲ್ಲಿನ ಮೇಲೆ.
ಏಳೆಂಟು, ಟ್ರೋಟ್ರೋ ವ್ಯಾನುಗಳು ನಿಲ್ಲುವಲ್ಲಿ,
ಮರಗೆಣಸಿನ ಸಿಪ್ಪೆಗೆ ಜಗಳ.

ಬೇಲಿಯಿಲ್ಲದ್ದಕ್ಕೇ ಅಲ್ಲವೇ
ಈ ಮೊಟ್ಟೆಗೆ ಅಕ್ರಾದ ಹೋಟೆಲಿನವರು
ಎರಡರಷ್ಟು ಕೊಡುವುದು?
ಕಾಗದ ಕೇಳಿದ್ದೂ ಅವರೇ:
'ಇಲ್ಲ' ಎಂದು ಬರೆದ ಕಾಗದ.

ಜೂನ್. ನಿನ್ನೆ ಸುರಿದದ್ದು ಇವತ್ತು ಹಬೆಯಾಗಿ ಏಳುತ್ತಿದೆ.
ಚೀಲ ಒದ್ದೆಯಿರಬೇಕು, ಒಣ ಬಟ್ಟೆ ಏನನ್ನೂ ಹಿಡಿಯದು.
ಇಲ್ಲಿ ಒದ್ದೆಗೇನು ಬರ!
ಹಿಕ್ಕೆ, ಕೆಸರು, ಪುಕ್ಕ, ಗೆದ್ದಲಿನ ರೆಕ್ಕೆ,
ಊರಿಗೆ ಊರೇ ಅಂಗಾಲಿಗೆ ಅಂಟುತ್ತದೆ.

ಗೋಡೆಯ ಮೇಲೆ ಕಿತ್ತಳೆ ತಲೆಯ ಓತಿಕ್ಯಾತ
ಹೌದು ಹೌದು ಹೌದು ಎಂದು ತಲೆ ಆಡಿಸುತ್ತದೆ.
ಯಾರೂ ಏನೂ ಕೇಳಿಲ್ಲ.
ಓತಿಕ್ಯಾತಕ್ಕೆ ಬೇಲಿ ಸಾಕ್ಷಿಯಂತೆ;
ಬೇಲಿಯಿಲ್ಲದ ಮನೆಯಲ್ಲಿ, ನಾನು.

"ಯಾವುದಕ್ಕೂ ಕಾಯಿಲೆಯಿಲ್ಲ, ನೋಡು.
ಆ ಕೆಂಚಿ, ಒಂದು ದಿನ ತಪ್ಪಿಸಿದವಳಲ್ಲ."
ನೋಡಿದೆ. ಕೆಂಚಿಯ ಜುಟ್ಟು ದಾಸವಾಳ.
ಅದೇ ತೊಂದರೆ, ಅಮ್ಮ.
ಹೊತ್ತವಳಿಗೆ ಭಾರ ತಿಳಿಯದ ಹೊರೆ ಇದು,
ತಿಂದವರಿಗೆ ತಿಳಿಯುತ್ತದೆ.

ಹೋ ಎಂಬ ಊರಿನ ಲ್ಯಾಬಿನಲ್ಲಿ
ಮಂಗಳವಾರ ಕರೆಂಟು ಹೋಯಿತು.
ಜನರೇಟರಿಗೆ ಡೀಸೆಲ್ ಸುರಿಯುತ್ತ
ರಾತ್ರಿಯಿಡೀ ಕಾವು ಕೂತವನು ನಾನು.
ಮೊದಲ ದಿನ ಮೂವತ್ತೇಳು ಡಿಗ್ರಿ.
ಎರಡನೇ ದಿನ ನಲವತ್ತೊಂದೂವರೆ,
ಸರಿಸುಮಾರು ಕೋಳಿಯ ಹೊಟ್ಟೆಯಷ್ಟು ಬಿಸಿ;
ತವರೆಂದು ನಂಬಿಯೇ ಅವು ಹೊರಬರುವುದು.

ನಾಲ್ಕನೇ ಬೆಳಿಗ್ಗೆ, ಕೆಂಪು ತಟ್ಟೆಯಲ್ಲಿ
ಕಪ್ಪು ಬೊಟ್ಟುಗಳು.
ಕೋಳಿಗಣ್ಣಿನ ಹಾಗೆ ಓರೆಯಾಗಿ
ನನ್ನನ್ನೇ ನೋಡುತ್ತಿದ್ದವು.
ಗೂಡಿನೊಳಗಿನ ಚೀಲ ಶುದ್ಧ.
ಹೊರಗಿನದು, ಎರಡರಷ್ಟು ಬೆಲೆಯದು.

ಎನ್ಯೋನಾಂ ಕಾಗದ ಓದಿದರು. ಮಡಿಸಿದರು. ಮತ್ತೆ ಬಿಡಿಸಿದರು.
"ಓತಿಕ್ಯಾತದ್ದೋ? ಇಲಿಯದೋ?
ಬಾನಿಗೆ ಬರುವ ಪಾರಿವಾಳದ್ದೋ?"
ಕಾಗದದಲ್ಲಿ ಅದಕ್ಕೆ ಜಾಗವಿಲ್ಲ.
"ನಿನ್ನ ಬೂಟಿನದೋ?"

ಆ ದಿನ ಮೊದಲು ಹೋದದ್ದು ಸೆಲಾಸಿಯವರ ಫಾರ್ಮಿಗೆ.
ಬೂಟು ತೊಳೆದಿದ್ದೆ.
ತೊಳೆದಿದ್ದೆನಲ್ಲ.

ಅವರು ಬೈಯಲಿಲ್ಲ.
ಆ ವಾರದ ಮೊಟ್ಟೆಗಳನ್ನೆಲ್ಲ ಗಟ್ಟಿಯಾಗಿ ಬೇಯಿಸಿ
ಬಾನಿಯನ್ನು ತಗಡಿನ ಕೆಳಗೆ ಎಳೆಸಿದರು, ನನ್ನಿಂದಲೇ.

ಆರು ವಾರದ ಮೇಲೆ ಹೋದಾಗ
ದಾರಿಯಂಚಿಗೆ ಒಂದು ಜೊತೆ ಬೂಟು ಕಾದಿತ್ತು,
ಕಪ್ಪು ರಬ್ಬರಿನದು, ಹಿಮ್ಮಡಿ ಸವೆದದ್ದು.
"ಮಾವುಲಿಯದು. ಇಲ್ಲಿಯ ಬೂಟು ಇಲ್ಲೇ ಇರಲಿ.
ನಿನ್ನದು ಅಲ್ಲೇ ಬಿಡು."

ನನಗೆ ಒಂದಂಕಿ ದೊಡ್ಡದು.
ಅದರ ಮೇಲೆ ಚೀಲ ಎಳೆದುಕೊಂಡು
ಒಂದು, ಎರಡು, ಮೂರು ಎಂದು ಎಣಿಸುತ್ತ ಹೊರಟೆ.
ಎಲ್ಲಿದ್ದಳೋ ಕೆಂಚಿ, ಆ ಪಟಪಟ ಸದ್ದಿಗೆ
ಓಡಿ ಬಂದಳು, ಜೋಳ ಬೀಳುತ್ತದೆಂದು.
ಎಣಿಕೆ ತಪ್ಪಿತು.