ಅರ್ಧ ಇಂಚು

ಒಡಿಲಿಯಾ ಬಾಯಿ ಚಿತ್ರ ತಂದದ್ದು ಹಳೆ ಲುಂಗಿಯಲ್ಲಿ ಸುತ್ತಿ.
"ಅಮ್ಮ ಬರೆದದ್ದು. ಫ್ರೇಮು ಹುಳ ತಿಂದಿದೆ.
ಸಂಜೆಯ ಚಿತ್ರ, ನೋಡಿ, ಎಷ್ಟು ಬೇಸರ ಅದರಲ್ಲಿ."

ಗ್ರೀನ್ ಸ್ಟ್ರೀಟಿನ ನನ್ನ ಅಂಗಡಿಗೆ ದೇವರೇ ಹೆಚ್ಚು ಬರುತ್ತಾರೆ,
ಆಮೇಲೆ ತೀರಿಕೊಂಡವರು.
ಹೂಗಿಡ ಅಪರೂಪ.

ಎದುರಿಟ್ಟುಕೊಂಡು ನೋಡಿದೆ:
ಕೋಡಿಬಾಗದ ಹಿತ್ತಲು. ಚೀರೆಕಲ್ಲಿನ ಪಾಗಾರ,
ಆಚೆ ಬೆರಳಗಲ ಸಮುದ್ರ.
ಈಚೆ ಸಂಜೆಮಲ್ಲಿಗೆ, ಯಾರೂ ನೆಡದೆ ತಾನೇ ಎದ್ದದ್ದು,
ಎಲ್ಲವೂ ಅರಳಿವೆ,
ಎಲ್ಲದರ ಮೇಲೂ ಆರಿದ ಚಹಾದ ಬಣ್ಣದ ಬೆಳಕು.
ಸಂಜೆಯೇ, ಅಂದುಕೊಂಡೆ ನಾನೂ.

ಆದರೆ ನೆರಳು?
ನಮ್ಮೂರಲ್ಲಿ ಸಂಜೆಯ ನೆರಳಿಗೆ ಒಂದೇ ದಾರಿ,
ಕಡಲಿಗೆ ಬೆನ್ನು ಹಾಕಿ ಗುಡ್ಡದ ಕಡೆ ಹೊರಡುತ್ತದೆ.
ಇಲ್ಲಿ ಒಂದೊಂದು ಗಿಡವೂ ತನ್ನದನ್ನು
ಪಾಗಾರದತ್ತ, ನೀರಿನತ್ತ ಚಾಚಿದೆ.

ಸಪೂರ ಮೊಳೆ ಒಂದೊಂದೇ ಕಿತ್ತು
ಹುಡಿಯಾದ ಕಟ್ಟು ಬಿಡಿಸಿದರೆ
ಕಾಗದದ ನಾಲ್ಕೂ ಅಂಚಿಗೆ, ಮರದ ಮರೆಯಲ್ಲಿ,
ಮೂವತ್ತೆಂಟು ವರ್ಷ ಬಿಸಿಲು ಕಾಣದ ಅರ್ಧ ಇಂಚು.
ರಾಣಿ ಬಣ್ಣ! ಹಸಿರು ಅಂದರೆ ಕಣ್ಣು ಕುಕ್ಕುವ ಹಸಿರು!
ಬೇಸರ ಕುಂಚದ್ದಲ್ಲ.
ಎದುರಿನ ಕಿಟಕಿ ದಿನಕ್ಕಿಷ್ಟು ತಿಂದದ್ದು,
ಉಪ್ಪುಗಾಳಿ ನೆಕ್ಕಿ ಬಿಟ್ಟದ್ದು.

ಕೆಳಗಿನ ಅಂಚಿನಲ್ಲಿ ಇನ್ನೊಂದು:
ನೇರಳೆ ಬಣ್ಣದ ಉಬ್ಬು. ಕಲೆಯೆಂದು ಒರೆಸಹೋದೆ.
ಕಲೆಯಲ್ಲ, ತುರುಬು.
ತುರುಬಿಗೆ ಅಡ್ಡ ಸಿಕ್ಕಿಸಿದ ಪೆನ್ಸಿಲು.
ಬೆಳಕಿಗೆ ಬೆನ್ನು ಕೊಟ್ಟು ನಿಂತವಳ ನೆರಳು
ಹೂವಿನ ಬುಡ ಮುಟ್ಟಿಯೂ ಮುಟ್ಟದೆ.

"ಅಮ್ಮನಿಗೆ ಎಲ್ಲಿ ಕೆಲಸ ಇತ್ತು?" ಫೋನಿನಲ್ಲಿ ಕೇಳಿದೆ.
"ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ರಾತ್ರಿ ಪಾಳಿ. ಯಾಕೆ?"

ಯಾಕೆಂದರೆ, ಬಾಯಿ,
ಬೆಳಗಿನವರೆಗೆ ಹುಬ್ಬಳ್ಳಿಯನ್ನು ಮುಂಬಯಿಗೆ,
ಮುಂಬಯಿಯನ್ನು ಮಡಗಾಂವಿಗೆ ಜೋಡಿಸಿ,
ಇನ್ನೂ ಯಾರದೋ ಹಲೋ ಹಲೋ ಕಿವಿಯಲ್ಲಿಟ್ಟುಕೊಂಡು
ಸೀದಾ ಹಿತ್ತಲಿಗೆ ಹೋದ ಹೆಂಗಸಿಗೆ
ನಿನ್ನೆ ಸಂಜೆ ಅರಳಿದವು ಮುಚ್ಚದೆ ಎದುರಾಗಿವೆ.
ಅವಕ್ಕೂ ಪಾಳಿ ಮುಗಿಯುವ ಹೊತ್ತು.
ಗುಡ್ಡ ಹತ್ತಿ ಬಂದ ಬಿಸಿಲು ಬೆನ್ನ ಮೇಲೆ.
ನಿದ್ದೆಗೆ ಮೊದಲು ಆಕೆ ಬಣ್ಣ ಕಲಸಿದ್ದಾರೆ.

ಇಷ್ಟೆಲ್ಲ ಫೋನಿನಲ್ಲಿ ಹೇಳಲಾಗಲಿಲ್ಲ.
ಸುಮ್ಮನೆ ಕೇಳಿದೆ, ಅಂದೆ.

ಹೊಸ ಫ್ರೇಮು ಒಂದಿಷ್ಟು ದೊಡ್ಡದೇ ಮಾಡಿದ್ದೇನೆ,
ಸುತ್ತ ಬಿಳಿ ಪಟ್ಟಿ ಬಿಟ್ಟು, ಯಾವ ಅಂಚೂ ಮುಚ್ಚದ ಹಾಗೆ.
ನಾನೂರೈವತ್ತು ಅಂದಿದ್ದೆ, ಅಷ್ಟೇ ತಗೊಳ್ಳುತ್ತೇನೆ.
ಕಿಟಕಿಗೆ ಎದುರು ಮಾತ್ರ ತೂಗುಹಾಕಬೇಡಿ ಅನ್ನಬೇಕು.

ಸಂಜೆ ಬರುತ್ತೇನೆ ಅಂದರು ಒಡಿಲಿಯಾ ಬಾಯಿ.
ಬೆಳಿಗ್ಗೆ ಬನ್ನಿ, ಅಂದೆ.